ಹೊಸ್ತಿಲ ಮೇಲೆ ಬೋರಲು ತಂಬಿಗೆ

ಕಮತಗಿ, 12 ಮಾರ್ಚ್ 2024, ಮಂಗಳವಾರ
ಎರಡನೇ ಚಹಾ ಆಯಿತು. ಮಹೇಶ್ವರಿ ಇನ್ನೂ ಪುಸ್ತಕ ಬಿಟ್ಟು ಎದ್ದಿಲ್ಲ. ಅಣ್ಣನ ಮಗಳು, ಎಂ.ಎ. ಓದುತ್ತಾಳೆ. ಯಾವ ಧರ್ಮದವರು ಸತ್ತವರಿಗೆ ಏನು ಮಾಡುತ್ತಾರೆ — ಅದರ ಮೇಲೆ ಪ್ರಬಂಧ. ಬಂದು ವಾರವಾಯಿತು. ಅವಳ ಗೈಡ್ ಯಾರೋ ಸುರೇಖಾ ಮೇಡಂ ಅಂತೆ. ಖರೆ ಗೈಡ್ ನಾನೇ. ಏಳನೇ ಇಯತ್ತೆ ಪಾಸು, ಆದರೆ ಕಟ್ಟೆಯ ಮೇಲೆ ಕುಳಿತು ಬಗೆಹರಿಸದ ಧರ್ಮವಿಲ್ಲ.

ಹಿಂದೂಗಳು ಸತ್ತವರಿಗೆ ಎಳ್ಳುನೀರು ಬಿಡುತ್ತಾರೆ. ಮುಸಲ್ಮಾನರು ಅವರ ಹೆಸರಿನಲ್ಲಿ ನೀರಿನ ಟಾಕಿ ಕಟ್ಟಿಸುತ್ತಾರೆ. ಈಜಿಪ್ಟಿನವರು ಗೋರಿಯೊಳಗೆ ರೊಟ್ಟಿ ಇಡುತ್ತಿದ್ದರಂತೆ. ಚಟ್ನಿ ಇಟ್ಟಿದ್ದರೇ ಎಂದು ಕೇಳಿದೆ. ಅವಳಿಗೆ ಗೊತ್ತಿಲ್ಲ! ನಮ್ಮ ಲಿಂಗಾಯತರದು ಸ್ವಚ್ಛ ಲೆಕ್ಕ. ಲಿಂಗೈಕ್ಯರಾದರು ಅಂದರೆ ಮುಗಿಯಿತು. ಸತ್ತವರು ಬಂದು ಏನೂ ಕೇಳುವುದಿಲ್ಲ. ಅದಕ್ಕೇ ನಮ್ಮದು ಎಲ್ಲಕ್ಕಿಂತ ಮೇಲು ಅಂದೆ.

"ಮೇಲು ಕೆಳಗ ಅಂತ ನಾ ಬರಿಯಂಗಿಲ್ಲ ಕಾಕಾ. ಯಾಕ ಹಂಗ ನಂಬತಾರ, ನಂಬಿ ಏನ ಮುಚ್ಚಿಡತಾರ — ಅದನ್ನ ಕೇಳ್ಬೇಕು ನಾ. ಪುಸ್ತಕದಾಗ ಇಲ್ಲದ್ದು ಏನರ ಹೇಳ್ರಿ."

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹಾಕಿದೆ ಒಂದು ಸುಳ್ಳು. ಅಮಾವಾಸ್ಯೆಯ ದಿನ, ನಡು ಮಧ್ಯಾಹ್ನ, ಹೊಸ್ತಿಲ ಮೇಲೆ ತುಂಬಿದ ತಂಬಿಗೆ ಇಡಬೇಕು. ನೀರು ಕೇಳಿ ಸಿಗದೆ ಸತ್ತವರಿಗೆ. ಸ್ವಲ್ಪ ಹೊತ್ತಿಗೆ ತಂಬಿಗೆ ಬೋರಲಾಗಿರುತ್ತದೆ. ಆದರೆ ಹೊಸ್ತಿಲು ಒದ್ದೆಯಾಗಿರುವುದಿಲ್ಲ.

ನಾಲ್ಕು ಪುಟ ಬರೆದುಕೊಂಡಳು. ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ.

17 ಮಾರ್ಚ್
ಮೇಡಂ ಒಪ್ಪಿಲ್ಲ. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ಹೇಳಿದರೆ ಮಾತ್ರ ಪ್ರಬಂಧಕ್ಕೆ ಸೇರುತ್ತದಂತೆ. ಒಳ್ಳೆಯದಾಯಿತು. ಸುಳ್ಳು ತಾನಾಗಿಯೇ ಸಾಯುತ್ತದೆ.

21 ಮಾರ್ಚ್, ಕೆರೂರ
ಮೆಣಸಿನಕಾಯಿ ಮಾರುವ ಸಕ್ರವ್ವ ಎಂಬ ಮುದುಕಿ, ಹಿಂದೂಗಳ ಪೈಕಿ. ಮಹೇಶ್ವರಿ ಕೇಳಿದ್ದು ಇಷ್ಟೇ — "ನಿಮ್ಮೊಳಗ ಸತ್ತವರಿಗೆ ಏನರ ಇಡತೀರೇನಬೇ?" ನಾನು ಪಕ್ಕದಲ್ಲೇ ಇದ್ದೆ. ತುಟಿ ಪಿಟಕ್ಕೆನ್ನಲಿಲ್ಲ.

"ಇಡತೇವಲ್ಲವಾ. ಅಮಾಸಿ ದಿನ, ಹೊತ್ತು ನೆತ್ತಿ ಮ್ಯಾಲ ಬಂದಾಗ. ಹೊಸ್ತಲ ಮ್ಯಾಲ ತುಂಬಿದ ತಂಬಗಿ. ನೀರ ಕೇಳಿ ಸತ್ತಾರಿಗೆ. ಆಮ್ಯಾಲ ನೋಡಿದ್ರ ಬೋರಲ ಇರತೈತಿ."

ಬಸ್ಸಿನಲ್ಲಿ ಮಹೇಶ್ವರಿಯನ್ನು ಗದರಿಸಿ ಕೇಳಿದೆ, ಮೊದಲೇ ಹೇಳಿಕೊಟ್ಟಿದ್ದೆಯಾ ಎಂದು. ಇಲ್ಲ, ಇವತ್ತೇ ಅವಳನ್ನು ನೋಡಿದ್ದು ಅಂತ ಆಣೆ ಮಾಡಿದಳು. ಇರಲಿ. ನನ್ನ ಸುಳ್ಳಿಗೆ ಬಸ್ಸಿಗಿಂತ ಜೋರು ಕಾಲು.

ಆದರೆ ಸಕ್ರವ್ವ ಇನ್ನೊಂದು ಮಾತು ಹೇಳಿದಳು. ನಾನು ಹೇಳದ ಮಾತು. "ಬೋರಲ ಯಾಕಂದ್ರ... ಅಕಿಗೆ ಯಾರೋ ಬೋರಲಾನ ಕೊಟ್ಟಿದ್ರು."

ಮೆಣಸಿನಕಾಯಿ ಘಾಟಿಗೆ ಕೆಮ್ಮು ಬಂತು. ಘಾಟಿಗೇ.

28 ಮಾರ್ಚ್, ಇಳಕಲ್ಲ
ಅಮೀನಬಿ. ಸೀರೆಯ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಾಳೆ. ರಂಜಾನ್ ಉಪವಾಸ, ತುಟಿ ಒಣಗಿತ್ತು. ಆದರೂ ನನಗೆ ತಂಬಿಗೆ ತುಂಬಾ ನೀರು ತಂದಳು.

"ಕುಡೀರಿ ಅಣ್ಣಾರ. ರೋಜಾ ನಂದು, ನಿಮ್ದಲ್ಲ."

ಮಹೇಶ್ವರಿ ಅದೇ ಪ್ರಶ್ನೆ ಕೇಳಿದಳು. ಅಮೀನಬಿ ರಾಟಿ ನಿಲ್ಲಿಸಿದಳು. "ಇದು ನಮ್ಮ ದೀನ-ಧರ್ಮದಾಗ ಇಲ್ಲವಾ. ಮೌಲಾನಾ ಕೇಳಿದ್ರ ಬೈತಾರ. ಆದ್ರ ನಮ್ಮತ್ತಿ ಅಮಾಸಿಗೊಮ್ಮೆ ಹೊಸ್ತಲದಾಗ ತಂಬಗಿ ಇಡತಿದ್ಲು. ಒಂದು ಹುಡಿಗಿಗೆ."

"ಯಾವ ಹುಡಿಗಿ?"

"ಯಾರಿಗ್ಗೊತ್ತು? ನಾನೂ ಒಮ್ಮೆ ನೋಡೇನಿ. ಆರೇಳು ವರ್ಷದ್ದು. ಬಲಗಿವ್ಯಾಗ ರಿಂಗು, ಎಡಗಿವ್ಯಾಗ ಬೇವಿನ ಕಡ್ಡಿ."

ತಂಬಿಗೆ ಕೈಜಾರಿತು. ನೂಲೆಲ್ಲ ತೊಯ್ದಿತು.

ಬರುವಾಗ ಮಹೇಶ್ವರಿಯ ಕಾಲು ನೆಲದ ಮೇಲಿರಲಿಲ್ಲ. "ಮೂರು ಮಂದಿ, ಮೂರು ಧರ್ಮ, ಒಂದ ತಂಬಗಿ! ಕಾಕಾ, ಮೊದಲನೇ ಪುಟದಾಗ ನಿಮ್ಮ ಹೆಸರು."

5 ಏಪ್ರಿಲ್
ಎಂಟು ದಿನ ಬರೆಯಲಿಲ್ಲ. ಇವತ್ತು ಬರೆದೇ ಬಿಡುತ್ತೇನೆ. ಓದುವವರು ಯಾರಿದ್ದಾರೆ.

1967ರ ಬೇಸಿಗೆ. ನನಗೆ ಒಂಬತ್ತು. ತಂಗಿ ಬಸಲಿಂಗವ್ವನಿಗೆ ಆರು — ಬಸಲಿ ಅನ್ನುತ್ತಿದ್ದೆವು. ಜ್ವರ. ಅವ್ವ ಹೊಲಕ್ಕೆ ಹೋಗಿದ್ದಳು. ನೋಡಿಕೊಳ್ಳುವವನು ನಾನು. "ಅಣ್ಣಾ, ನೀರ ಕೊಡೋ" ಅಂದಳು. ಖಾಲಿ ತಂಬಿಗೆ ಬೋರಲು ಮಾಡಿ ಅವಳ ಕೈಗಿಟ್ಟೆ. ನಕ್ಕೆ. ಗೋಲಿ ಆಡಲು ಓಡಿದೆ.

ತಿರುಗಿ ಬಂದಾಗ ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ನಮ್ಮಲ್ಲಿ ಸತ್ತವರನ್ನು ಕೂರಿಸುವ ಹಾಗೆ. ಹಣೆಗೆ ವಿಭೂತಿ. "ನೀರ ಕೊಟ್ಟಿದ್ದೇನೋ?" ಅವ್ವ ಕೇಳಿದಳು. ಕೊಟ್ಟೆ ಅಂದೆ.

ಎಡಗಿವಿಯ ರಿಂಗು ಬಾವಿಗೆ ಬಿದ್ದಿತ್ತು. ತೂತು ಮುಚ್ಚಬಾರದೆಂದು ಅವ್ವ ಬೇವಿನ ಕಡ್ಡಿ ಇಟ್ಟಿದ್ದಳು. ಇದು ಗೊತ್ತಿದ್ದ ಅವ್ವನೂ ಈಗ ಇಲ್ಲ, ಅಣ್ಣನೂ ಇಲ್ಲ. ಇಳಕಲ್ಲಿನ ಅಮೀನಬಿಗೆ ಯಾರು ಹೇಳಿದರು?

ಸತ್ತವರು ಬಂದು ಏನೂ ಕೇಳುವುದಿಲ್ಲ — ಐವತ್ತೇಳು ವರ್ಷ ಅದನ್ನೇ ಗಟ್ಟಿ ಹಿಡಿದೆ. ಶರಣರ ಮೇಲಿನ ಭಕ್ತಿ ಎಂದುಕೊಂಡಿದ್ದೆ. ಭಕ್ತಿಯಲ್ಲ. ಅದರ ಹಿಂದೆ ಅಡಗಿದ್ದೆ. ನಂಬಿ ಏನು ಮುಚ್ಚಿಡುತ್ತಾರೆ ಎಂದು ಮಹೇಶ್ವರಿ ಕೇಳಿದ್ದಳಲ್ಲ... ಇದು.

ಸೋಮವಾರ ಒಂದು ಗಂಟೆಯ ಬಸ್ಸಿಗೆ ಬಾಗಲಕೋಟೆಗೆ ಹೋಗಿ ಪ್ರಬಂಧ ಕೊಡುತ್ತಾಳೆ. ಅಷ್ಟರೊಳಗೆ ಹೇಳಬೇಕು. ಸುಳ್ಳು ಅಂದರೆ ಇದನ್ನೇ ಯಾಕೆ ಹುಟ್ಟಿಸಿದಿರಿ ಅನ್ನುತ್ತಾಳೆ. ಆಗ ಬಸಲಿಯ ಸುದ್ದಿ ಹೇಳಬೇಕು.

8 ಏಪ್ರಿಲ್, ಸೋಮವಾರ, ಅಮಾವಾಸ್ಯೆ. ಹಗಲು 12
ತಂಬಿಗೆ ತುಂಬಿ ಹೊಸ್ತಿಲ ಮೇಲೆ ಇಟ್ಟಿದ್ದೇನೆ. ಎದುರಿಗೇ ಕುಳಿತಿದ್ದೇನೆ. ಅರ್ಧ ತಾಸು ಹೀಗೇ ಇದ್ದರೆ ಎಲ್ಲ ಸುಳ್ಳು.

12.20
ತುಂಬಿಯೇ ಇದೆ. ನೀರಿನಲ್ಲಿ ಬಿಸಿಲು. ಈ ಶಂಕರಲಿಂಗ ಹೆದರುವ ಮನುಷ್ಯನಲ್ಲ

12.21
ಮೇಲಿನ ಸಾಲು ಬರೆಯಲು ತಲೆ ಬಗ್ಗಿಸಿದ್ದೆ. ಎತ್ತಿದೆ. ಬೋರಲು. ಹೊಸ್ತಿಲ ಕಲ್ಲು ಒಣಗಿಯೇ ಇದೆ.

12.45
ಮಹೇಶ್ವರಿ ಚೀಲ ಹಿಡಿದು ಬಂದಳು. ಎಲ್ಲ ಸುಳ್ಳು, ನಾನೇ ಹುಟ್ಟಿಸಿದ್ದು ಎಂದೆ. ತಂಬಿಗೆ ನೋಡಿ ನಕ್ಕಳು.

"ನೀರ ಕುಡಿದು ಬೋರಲ ಇಟ್ಟು ನನ್ನ ಹೆದರಸ್ತೀರೇನು? ಹಂಗಾರ ಸಕ್ರವ್ವ ಹೇಳಿದ್ದೂ ಸುಳ್ಳ? ಅಮೀನಬಿದೂ? ಸಾಕ್ರಿ ಕಾಕಾ, ಬಸ್ ಹೋಗತೈತಿ."

ಬಸಲಿಯ ಹೆಸರು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮಹೇಶ್ವರಿ ಹೊಸ್ತಿಲು ದಾಟಿದ್ದಳು. ಕೂಗಬಹುದಿತ್ತು. ಕೂಗಲಿಲ್ಲ.

1.10
ಬಸ್ಸು ಹೋಯಿತು. ಮತ್ತೆ ತುಂಬಿದೆ. ಈ ಸಲ ಕೆಳಗಿಟ್ಟಿಲ್ಲ. ಎಡಗೈಯಲ್ಲಿ ಹಿಡಿದು ಹೊಸ್ತಿಲ ಕಡೆ ಚಾಚಿದ್ದೇನೆ. ಹೊರಗೆ ಯಾರೂ ಇಲ್ಲ.

ಕರೆದಳು. ಹೊಸ್ತಿಲಾಚೆಯಿಂದಲ್ಲ. ನನ್ನ ಬೆನ್ನ ಹಿಂದೆ, ಮನೆಯೊಳಗಿಂದ. ಅಲ್ಲಿಯೇ ಅವಳಿಗೆ ಹಾಸಿಗೆ ಹಾಸಿದ್ದರು ಆಗ, ಜ್ವರ ಬಂದಾಗ.

ಇಲ್ಲೇ ಇದ್ದೆಯಾ ಬಸಲಿ? ಇಷ್ಟು ವರ್ಷ? ತಗೋ. ತುಂಬಿದ್ದೇ ಇದೆ, ನೋಡು, ಅಣ್ಣ ಈ ಸಲ ನೆಟ್ಟಗೆ