ಇಂಜಿನ್ ಆಫ್ ಇದ್ದಾಗ ಹೇಳಿದ ಮಾತು

ಗಿಲಕಿ,

ನಮ್ಮ ಹಲ್ಲಿನ ಲ್ಯಾಬಿನವರೆಲ್ಲ ನಿನ್ನನ್ನು ಕರೆಯುವ ಅಡ್ಡಹೆಸರಿನಿಂದಲೇ ಶುರು ಮಾಡುತ್ತಿದ್ದೇನೆ. ಅದರ ಮುಂದೆ ‘ಪ್ರೀತಿಯ’ ಎಂದು ಸೇರಿಸಲು ಮನಸ್ಸು ಬರಲಿಲ್ಲ. ಅಕ್ಷರ ಸೊಟ್ಟಗಿದ್ದರೆ ಕಾರಣ ನಿನಗೆ ಗೊತ್ತೇ ಇದೆ. ಈಗಂತೂ ನಿನ್ನ ದಯೆಯಿಂದ ಎಲ್ಲರಿಗೂ ಗೊತ್ತಿದೆ.

ನೀನು ಮೊಬೈಲಿಗೆ ಕಳಿಸಿದ್ದನ್ನು ಓದಿದೆ. “ಸೋಮವಾರದಿಂದ ಮೊದಲಿನ ಹಾಗೇ ಒಟ್ಟಿಗೆ ಹೋಗೋಣ ಕಣೇ, ಗೇಟಿನ ಹತ್ರ ನಿಂತಿರ್ತೀನಿ.” ಎಷ್ಟು ಸಲೀಸಾಗಿ ಬರೆದಿದ್ದೀಯ! ನಡುವೆ ಏನೂ ನಡೆದೇ ಇಲ್ಲವೇನೋ ಎಂಬಂತೆ. ಅದಕ್ಕೆ ಮೊಬೈಲಿನಲ್ಲಿ ಎರಡು ಸಾಲು ಕುಟ್ಟಿದರೆ ನನ್ನ ಸಿಟ್ಟು ಇಳಿಯುವುದಿಲ್ಲ, ಹಾಗಾಗಿ ಈ ಕಾಗದ.

ನೀನು ನನ್ನ ಕಾರಿನಲ್ಲಿ ಬರಲು ಶುರು ಮಾಡಿದ ಹೊಸದು. ದೊಡ್ಡ ಚೌಕದಲ್ಲಿ ಕೆಂಪು ದೀಪ ಬಿದ್ದ ಕೂಡಲೇ ನಾನು ಇಂಜಿನ್ ಆಫ್ ಮಾಡಿದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕಿದ್ದೆ. “ಅಯ್ಯೋ ಜಿಪುಣೀ, ಒಂದು ಚಮಚ ಪೆಟ್ರೋಲಿಗೆ ಇಷ್ಟೊಂದು ಆಸೇನಾ?” ನಾನು ಹೊಗೆ, ಗಾಳಿ, ಪಕ್ಕದ ಸ್ಕೂಟರಿನ ಮೇಲೆ ಕೆಮ್ಮುತ್ತಿರುವ ಮಗು ಎಂದೆಲ್ಲ ಭಾಷಣ ಬಿಗಿದೆ. ಅದೂ ನಿಜವೇ. ಆದರೆ ನನಗೆ ಹೆಚ್ಚು ಬೇಕಾಗಿದ್ದದ್ದು ಆ ಸದ್ದು ನಿಲ್ಲುವುದು. ಲ್ಯಾಬಿನಲ್ಲಿ ದಿನವಿಡೀ ಕಟ್ಟುಹಲ್ಲು ತಿಕ್ಕುವ ಯಂತ್ರಗಳ ಕಿರುಚಾಟ, ಮನೆಗೆ ಹೋದರೆ ಟೀವಿ. ಆ ಚೌಕದಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ನನ್ನ ಮಾತು ನನಗೇ ಕೇಳಿಸುತ್ತಿತ್ತು.

ಆಮೇಲೆ ನಿನಗೂ ಅದರ ರುಚಿ ಹತ್ತಿತು. ಕಟ್ಟಳೆ ಮಾಡಿದವಳೇ ನೀನು. ನೆನಪಿದೆಯಾ? “ನೋಡೇ, ಇಂಜಿನ್ ಆಫ್ ಇದ್ದಾಗ ಸುಳ್ಳು ಹೇಳೋ ಹಾಗಿಲ್ಲ. ಹೇಳಿದ್ದು ಈ ಕಾರಿನಿಂದ ಆಚೆ ಹೋಗೋ ಹಾಗಿಲ್ಲ.” ನಾನು ಆಯಿತು ಎಂದೆ. ಇಬ್ಬರು ನಡುವಯಸ್ಸಿನ ಹೆಂಗಸರು ಶಾಲೆ ಹುಡುಗಿಯರ ಹಾಗೆ ಕಿರುಬೆರಳು ಕೊಂಡಿ ಹಾಕಿದೆವು. ನಿನ್ನ ಗಂಡನ ಗೊರಕೆ, ನನ್ನ ನಾದಿನಿಯ ಕೊಂಕು, ಲ್ಯಾಬಿನ ಯಜಮಾನರ ತಲೆಯ ವಿಗ್ಗು, ಎಲ್ಲವೂ ಅಲ್ಲಿ ಬಂದು ಹೋದವು.

ನನ್ನ ಕೈಯ ಸುದ್ದಿಯನ್ನೂ ನಾನು ಅಲ್ಲೇ ಹೇಳಿದ್ದು. ನನ್ನ ಗಂಡನಿಗೂ ಹೇಳಿರಲಿಲ್ಲ. “ಬಲಗೈ ನಡುಗುತ್ತೆ ಕಣೇ. ಮೇಜಿನ ಡ್ರಾಯರನ್ನ ಅರ್ಧ ಎಳ್ಕೊಂಡು, ಅದರ ಮೇಲೆ ಮೊಣಕೈ ಊರ್ಕೊಂಡು ಮೇಣದ ಹಲ್ಲು ಕೆತ್ತುತ್ತೀನಿ. ಆಗ ನಿಲ್ಲುತ್ತೆ.” ಮೊಣಕೈಗೆ ಆಸರೆ ಇದ್ದಷ್ಟು ಹೊತ್ತೂ ನನ್ನ ಕೆತ್ತನೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ನನ್ನ ಒಂದು ಹಲ್ಲೂ ವಾಪಸು ಬಂದಿರಲಿಲ್ಲ. ನೀನು ಆ ಕೈಯನ್ನು ಹಿಡಿದುಕೊಂಡು “ನಾನಿದ್ದೀನಲ್ಲ” ಎಂದೆ. ಅಷ್ಟರಲ್ಲಿ ಹಸಿರು ಬಿತ್ತು. ನನ್ನ ಹಳೇ ಗಾಡಿ ಮೊದಲ ಸಲಕ್ಕೆ ಸ್ಟಾರ್ಟ್ ಆಗಲಿಲ್ಲ, ಹಿಂದಿನವರೆಲ್ಲ ಒದರತೊಡಗಿದರು. ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ “ಬಂದ್ವಪ್ಪಾ ಬಂದ್ವಿ, ಹಾರ್ನ್ ಒಡೆದುಹೋದೀತು!” ಎಂದು ಕೂಗಿದೆ. ನನಗೆ ಅಳುವಿನ ನಡುವೆಯೇ ನಗು ಬಂತು. ಇವಳಿಗಿಂತ ಹತ್ತಿರದವರು ನನಗೆ ಯಾರಿದ್ದಾರೆ ಎಂದುಕೊಂಡೆ.

ಆಮೇಲೆ ಕೆತ್ತನೆ ವಿಭಾಗಕ್ಕೆ ಮುಖ್ಯಸ್ಥೆ ಬೇಕೆಂಬ ಮಾತು ಬಂತು. ಕೇಳಿಬಂದದ್ದು ಎರಡೇ ಹೆಸರು, ನನ್ನದು ಮತ್ತು ನಿನ್ನದು. ಯಾರಿಗೆ ಬಂದರೂ ಸರಿ ಎಂದು ನಾವಿಬ್ಬರೂ ಚೌಕದಲ್ಲಿ ನಿಂತೇ ಹೇಳಿಕೊಂಡಿದ್ದೆವು, ಇಂಜಿನ್ ಆಫ್ ಮಾಡಿ.

ಅದಾದ ವಾರದಲ್ಲೇ ಯಜಮಾನರು ನನ್ನ ಮೇಜಿನ ಹತ್ತಿರ ಬಂದರು. ಮೊಣಕಾಲಿನಿಂದ ನನ್ನ ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದರು. ಆಮೇಲೆ “ಈಗ ಕೆತ್ತಮ್ಮ, ನೋಡೋಣ” ಎಂದರು. ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಚಾಕು ಜಾರಿ ಮುಂದಿನ ಹಲ್ಲಿನ ಅಂಚು ಮುರಿದು ನೆಲಕ್ಕೆ ಬಿತ್ತು. ಅವರು ಬಂದದ್ದು ಬೇರೆ ಯಾವುದನ್ನೂ ನೋಡಲು ಅಲ್ಲ, ನೆಟ್ಟಗೆ ಡ್ರಾಯರಿಗೇ! ಆ ಡ್ರಾಯರಿನ ವಿಷಯ ಈ ಭೂಮಿಯ ಮೇಲೆ ನನ್ನನ್ನು ಬಿಟ್ಟರೆ ಒಬ್ಬಳಿಗೇ ಗೊತ್ತಿತ್ತು. ನಾನು ನಿನ್ನ ಕಡೆ ತಿರುಗಿದೆ. ನೀನು ತಲೆ ತಗ್ಗಿಸಿಕೊಂಡು ಮೇಣ ಕಾಯಿಸುತ್ತಿದ್ದೆ. ಗಿಲಕಿ ಅಂತ ಹೆಸರಿಟ್ಟುಕೊಂಡವಳ ಬಾಯಿಂದ ಅವತ್ತು ಒಂದು ಸದ್ದೂ ಬರಲಿಲ್ಲ.

“ನಿನ್ನ ಒಳ್ಳೇದಕ್ಕೇ ಹೇಳ್ದೆ, ಯಾವತ್ತಾದ್ರೂ ಗೊತ್ತಾಗ್ತಿತ್ತಲ್ಲ” ಎಂದೆ ನೀನು ಸಂಜೆ. ನನ್ನ ಒಳ್ಳೆಯದನ್ನು ನನ್ನ ಹತ್ತಿರ ಹೇಳಬೇಕಿತ್ತು ಕಣೇ. ನನ್ನ ಬೆನ್ನ ಹಿಂದೆ ಯಜಮಾನರ ಕಿವಿಯಲ್ಲಿ ಊದುವುದಲ್ಲ. ನಂಬಿ ಹೇಳಿದ ಮಾತನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದೆಯಲ್ಲ, ಕಾಲು ನೋಯಲಿಲ್ಲವೇ ನಿನಗೆ?

ನೀನು ಮುಖ್ಯಸ್ಥೆಯಾದೆ. ನನ್ನನ್ನು ಹಿಂದಿನ ಕೋಣೆಗೆ, ಪ್ಲಾಸ್ಟರ್ ಕಲಸಿ ಅಚ್ಚಿಗೆ ಸುರಿಯುವ ಕೆಲಸಕ್ಕೆ ಹಾಕಿದರು. ಗುಳ್ಳೆ ಏಳದಿರಲೆಂದು ಅಚ್ಚನ್ನು ಅಲುಗಿಸುತ್ತಿರಬೇಕು. ನನ್ನ ಕೈಗೆ ಹೇಳಿಮಾಡಿಸಿದ ಕೆಲಸ ಎಂದು ಯಾರೋ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಈಗ ಚೌಕದಲ್ಲಿ ಇಂಜಿನ್ ಆಫ್ ಮಾಡುವುದಿಲ್ಲ. ಪೆಟ್ರೋಲ್ ಹಾಳಾದರೆ ಹಾಳಾಗಲಿ. ಸದ್ದು ನಿಂತರೆ ನಿನ್ನ ದನಿ ಕೇಳಿಸುತ್ತದೆ.

ನೀನೂ ಅಲ್ಲಿ ಒಂದು ಮಾತು ಹೇಳಿದ್ದೆ, ಮರೆತಿಲ್ಲ ತಾನೇ? ಕಣ್ಣಿಗೆ ಪೊರೆ ಬರುತ್ತಿದೆ, ಬಿಳಿಗೂ ನಸುಹಳದಿಗೂ ವ್ಯತ್ಯಾಸ ತಿಳಿಯುತ್ತಿಲ್ಲ, ಆಪರೇಷನ್ ಎಂದರೆ ಜೀವ ಹೋಗುತ್ತದೆ ಎಂದು ಮೂಗು ಸೀಟಿಕೊಂಡು ಅತ್ತಿದ್ದೆ. ಅಂದಿನಿಂದ ನಿನ್ನ ಹಲ್ಲುಗಳ ಬಣ್ಣ ಹೊಂದಿಸಿದ್ದು ಯಾರು? ಟೀಗೆ ಏಳುವ ನೆಪದಲ್ಲಿ ಸರಿಯಾದ ಬಣ್ಣದ ಮಾದರಿ ಹಲ್ಲನ್ನು ನಿನ್ನ ಟ್ರೇ ಮೇಲೆ ಇಟ್ಟು ಹೋಗುತ್ತಿದ್ದವಳು ನಾನು. ನನ್ನನ್ನು ಪಕ್ಕದಿಂದ ಎಬ್ಬಿಸುವಾಗ ಇದು ಹೊಳೆಯಲೇ ಇಲ್ಲವೇ ನಿನಗೆ, ಪೆದ್ದೀ?

ನಿನ್ನೆ ಯಜಮಾನರು ಪ್ಲಾಸ್ಟರ್ ಕೋಣೆಗೆ ಬಂದಿದ್ದರು. ನೀನು ಮಾಡಿದ ಹಲ್ಲುಗಳು ವಾಪಸು ಬರುತ್ತಿವೆಯಂತೆ, ಬಣ್ಣ ಕೂಡುತ್ತಿಲ್ಲವಂತೆ. “ನೀನು ಅವಳ ಪಕ್ಕದಲ್ಲೇ ಕೂತಿದ್ದವಳು. ಕಣ್ಣಿಗೆ ಏನಾದ್ರೂ ತೊಂದ್ರೆ ಇದೆಯಾಮ್ಮ ಅವಳಿಗೆ?” ನಾಲಿಗೆಯ ತುದಿಗೆ ಬಂದಿತ್ತು. ಸತ್ಯವಾಗಿಯೂ ಬಂದಿತ್ತು. “ನನಗೇನೂ ಗೊತ್ತಿಲ್ಲ ಸಾರ್” ಎಂದೆ.

ದೊಡ್ಡ ಮನಸ್ಸು ಎಂದು ತಿಳಿದು ಕಣ್ಣೀರು ಹಾಕಬೇಡ. ನಾನು ನಿನ್ನನ್ನು ಕ್ಷಮಿಸಿಲ್ಲ. ಹೇಳಿಬಿಟ್ಟಿದ್ದರೆ ನನಗೂ ನಿನಗೂ ಸರಿಸಮ ಆಗಿಬಿಡುತ್ತಿತ್ತು, ಇಬ್ಬರೂ ಒಂದೇ ಜಾತಿಯವರಾಗಿ ಸೋಮವಾರ ಮತ್ತೆ ಒಂದೇ ಕಾರಿನಲ್ಲಿ ಕೂರಬಹುದಿತ್ತು. ಅದು ನನಗೆ ಬೇಡವಾಯಿತು.

ಆಪರೇಷನ್ ಮಾಡಿಸಿಕೋ. ಹೆದರಬೇಡ, ನಮ್ಮ ಚಿಕ್ಕಮ್ಮನಿಗೂ ಮಾಡಿದ್ದರು. ಪಟ್ಟಿ ಬಿಚ್ಚಿದ ದಿನವೇ ಅಡುಗೆಮನೆಯ ಜಿಡ್ಡು ನೋಡಿ ಸೊಸೆಯನ್ನು ಬೈಯತೊಡಗಿದರು. ಆಸ್ಪತ್ರೆಗೆ ಜೊತೆಗೆ ನಿನ್ನ ತಂಗಿಯನ್ನು ಕರೆದುಕೊಂಡು ಹೋಗು. ಗೇಟಿನ ಹತ್ತಿರ ನಿಂತಿರಬೇಡ, ನಾನು ಗಾಡಿ ನಿಲ್ಲಿಸುವುದಿಲ್ಲ.

ನಿನ್ನ ಕಣ್ಣು ಬೇಗ ವಾಸಿಯಾಗಲಿ. ನನ್ನ ಕಣ್ಣಿಗೆ ಮಾತ್ರ ಬೀಳಬೇಡ.

ಇಂತಿ,
ನಿನ್ನನ್ನು ನಂಬಿದ್ದವಳು