ಕಾಲುವೆ ದಾರಿಯ ಬೆಲ್ಲು

ಮನೆಯಿಂದ, ಶನಿವಾರ ಬೆಳಿಗ್ಗೆ
ಮಾರ್ಚ್ ೧೪

ನನ್ನ ಮುದ್ದಿನ ಜಗಳಗಂಟಿ ಮಗಳೇ,

ಹೇಗಿದ್ದೀಯ? ಸೊಂಟ ನೋವು ಕಡಿಮೆ ಆಯ್ತಾ? ಲ್ಯಾಬಿನಲ್ಲಿ ಇಡೀ ದಿನ ಬಗ್ಗಿ ಕೂರಬೇಡ, ಗಂಟೆಗೊಂದು ಸಲ ಎದ್ದು ಓಡಾಡು. ನನ್ನ ಎಡಗೈ ಮಣಿಕಟ್ಟಿನ ಪ್ಲಾಸ್ಟರ್ ಇನ್ನೂ ಹದಿನೈದು ದಿನ ಇರುತ್ತಂತೆ. ಒಳಗೆ ಕೆರೆತ ಬಂದರೆ ನಿನ್ನ ಹಳೇ ಹೆಣಿಗೆ ಕಡ್ಡಿ ತೂರಿಸಿ ಕೆರ್ಕೋತೀನಿ, ಡಾಕ್ಟರಿಗೆ ಹೇಳಿಬಿಟ್ಟೀಯ! ಬರೆಯೋ ಕೈ ನೆಟ್ಟಗಿದೆ. ಬಾಯಂತೂ ಮೊದಲಿಗಿಂತ ಜೋರಾಗಿದೆ ಅಂತ ನಿಮ್ಮತ್ತಿಗೆ ಸರ್ಟಿಫಿಕೇಟ್ ಕೊಟ್ಟಿದ್ದಾಳೆ.

ವಿಷಯಕ್ಕೆ ಬರ್ತೀನಿ. ಇನ್ಮೇಲೆ ಕಾಲುವೆ ದಾರಿಗೆ ಕಾಲಿಡಲ್ಲ ಅಂತ ಹೋದ ಭಾನುವಾರ ಫೋನಿನಲ್ಲಿ ನೀನು ನನ್ನಿಂದ ಮಾತು ತಗೊಂಡೆಯಂತೆ, ನಾನು "ಹೂಂ" ಅಂದೆನಂತೆ. ನಿಮ್ಮಣ್ಣ ದಿನಕ್ಕೆ ಹತ್ತು ಸಲ ಅದನ್ನೇ ಹೇಳ್ತಾನೆ. ಆ ಹೂಂ ನಾನು ವಾಪಸ್ ತಗೊಂಡಿದ್ದೀನಿ. ಮಹಡಿ ಮೇಲೆ ವಾಕ್ ಮಾಡಬೇಕಂತೆ! ಗಾಣದೆತ್ತಿನ ಹಾಗೆ ನೀರಿನ ಟ್ಯಾಂಕ್ ಸುತ್ತ ಸುತ್ತೋದಕ್ಕಾ ನಾನು ಬಟ್ಟೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ನಿಂತು ದುಡಿದದ್ದು? ನಿಮ್ಮಪ್ಪ ಹೋದ ಮೇಲೆ ನನ್ನನ್ನ ಹಾಸಿಗೆಯಿಂದ ಎಬ್ಬಿಸಿದ್ದೇ ಆ ದಾರಿ. ಬೆಳಗಿನ ಆ ಒಂದು ಗಂಟೆ ಯಾರೂ ನನಗೆ ಇದು ಮಾಡು, ಅದು ಬಿಡು ಅನ್ನಲ್ಲ. ಅದನ್ನ ನಾನು ಬಿಡೋಳಲ್ಲ.

ಆ ದಾರಿಯ ರೀತಿ ನೀತಿ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಅಲ್ಲಿ ಅರ್ಧ ಜನಕ್ಕೆ ಕಲಿಸಿದ್ದೇ ನಾನು. ನಡೆಯೋರು ಎಡಕ್ಕೆ ಇರಬೇಕು. ಸೈಕಲ್ಲಿನೋರು ದೂರದಿಂದಲೇ ಬೆಲ್ ಹೊಡೆದು, ನಿಧಾನ ಮಾಡಿ, ಬಲಗಡೆಯಿಂದ ದಾಟಬೇಕು. ಬೆನ್ನಿಗೇ ಬಂದು ಟ್ರಿಣ್ ಅನ್ನಿಸಿದರೆ ಎದೆ ಧಸಕ್ಕನ್ನುತ್ತೆ. ಮೂರು ಜನ ಹೆಂಗಸರು ದಾರಿ ತುಂಬ ಗೋಡೆ ಕಟ್ಟಿದ ಹಾಗೆ ಹರಟುತ್ತಾ ಹೋಗ್ತಿದ್ರು. "ಇದೇನು ನಿಮ್ಮ ಮನೆ ಹಜಾರವಾ?" ಅಂತ ಕೇಳಿದೆ. ಈಗ ಒಬ್ಬರ ಹಿಂದೆ ಒಬ್ಬರು ಹೋಗ್ತಾರೆ, ನನ್ನ ಕಂಡರೆ ಮೂತಿ ತಿರುವಿಕೊಂಡು. ರಿಟೈರಾದ ಬ್ಯಾಂಕ್ ಮ್ಯಾನೇಜರು ನಾಯಿಯ ಹಗ್ಗ ದಾರಿಗೆ ಅಡ್ಡ ಬಿಡ್ತಿದ್ರು, ಅವರನ್ನೂ ಬಿಟ್ಟಿಲ್ಲ ನಾನು. ಇನ್ನು ಪಕ್ಕಕ್ಕೆ ಸರಿಯೋದಂತೂ ಮಿಲ್ಲಿನಲ್ಲೇ ಮೈಗೂಡಿದ್ದು. ಎರಡು ಸಾಲು ಮಗ್ಗದ ನಡುವೆ ನೂಲಿನ ತಳ್ಳುಗಾಡಿ ಬಂದರೆ ತಿರುಗಿ ನೋಡೋ ಪುರುಸೊತ್ತು ಎಲ್ಲಿ? ಸದ್ದು ಯಾವ ಕಡೆಯೋ ಅದರ ಎದುರು ಕಡೆಗೆ ಜಿಗೀಬೇಕು. ಒಂದು ದಿನವೂ ಗಾಡಿ ನನ್ನ ಮುಟ್ಟಿರಲಿಲ್ಲ.

ನಿಮ್ಮಣ್ಣ ಡ್ರೈವಿಂಗ್ ಸ್ಕೂಲ್ ಮೇಷ್ಟ್ರಲ್ವಾ, ಲೋಕದ ರಸ್ತೆಯೆಲ್ಲ ಅವನಿಗೇ ಬರೆದುಕೊಟ್ಟ ಹಾಗೆ ಆಡ್ತಾನೆ. ನನಗೆ ಸೈಕಲ್ ಗುದ್ದಿದ ದಿನದಿಂದ ಮನೆ ಮನೆ ಸುತ್ತಿ, ಕಾಲುವೆ ದಾರೀಲಿ ಸೈಕಲ್ಲೇ ಬೇಡ ಅಂತ ಇನ್ನೂರು ಸಹಿ ಹಾಕಿಸಿದ್ದಾನೆ. ಮೊದಲನೇ ಸಹಿ ನಂದೇ, ನೋವಿನ ಮಾತ್ರೆಯ ಮಂಪರಿನಲ್ಲಿ ಹಾಕಿದ್ದು. ನಾಳೆ ಬಡಾವಣೆ ಸಂಘದ ಮೀಟಿಂಗಿನಲ್ಲಿ ನಾನು ಪ್ಲಾಸ್ಟರ್ ಕೈ ಎತ್ತಿ ಎಲ್ಲರಿಗೂ ತೋರಿಸಬೇಕಂತೆ. ಗುದ್ದಿದವಳು ಆಸ್ಪತ್ರೆ ನರ್ಸು, ಬೆಳಗಿನ ಪಾಳಿಗೆ ಅದೇ ದಾರೀಲಿ ಹೋಗೋಳು. ಬಿದ್ದ ನನ್ನ ಕೈಗೆ ತನ್ನ ಸ್ಕಾರ್ಫನ್ನೇ ಬಿಚ್ಚಿ ಕಟ್ಟಿದಳು. ಸೈಕಲ್ ಬೇಡ ಅಂತಾದರೆ ಅವಳು ಲಾರಿಗಳ ನಡುವೆ ದೊಡ್ಡ ರಸ್ತೆಗೆ ಇಳೀಬೇಕು. ಮೊನ್ನೆ ನಮ್ಮ ಬಾಗಿಲಲ್ಲಿ ನಿಂತು, "ಅಮ್ಮಾ, ನಾನು ಎರಡು ಸಲ ಬೆಲ್ ಹೊಡೆದೆ, ದೂರದಿಂದ ಕೂಗಿಯೂ ಹೇಳಿದೆ" ಅಂತ ಅತ್ತಳು. ನಿಮ್ಮಣ್ಣ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದ. ಇಷ್ಟು ದೊಡ್ಡ ಬಾಯಿ ಇಟ್ಕೊಂಡು ನಾನು ಪಿಟ್ಟೆನ್ನಲಿಲ್ಲ. ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ನಾಳೆ ಖಂಡಿತ ಹೋಗ್ತೀನಿ. ಎಲ್ಲರೆದುರು ನನ್ನ ಸಹಿ ನಾನೇ ಹೊಡೆದು ಹಾಕ್ತೀನಿ. ನಿಮ್ಮಣ್ಣ ಕೂಗಾಡಲಿ, ಊಟ ಬಿಡಲಿ, ಹಸಿವಾದರೆ ತಾನೇ ಬಂದು ತಿಂತಾನೆ.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು, ನನ್ನ ಹಾಗೇ ಹಟಮಾರಿಯಾಗಿ ನೂರು ವರ್ಷ ಬಾಳು.

ಇಂತಿ,
ಯಾರ ಮಾತೂ ಕೇಳದ ನಿನ್ನ ಅಮ್ಮ

ತಾ.ಕ.: ನಿಮ್ಮತ್ತಿಗೆ ಅಂಚೆಗೆ ಹಾಕೋಕೆ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೀತೀನಿ. ನನ್ನ ಬಲಗಿವಿ ಪೂರ್ತಿ ಹೋಗಿ ಆರು ವರ್ಷ ಆಯ್ತು. ಮಗ್ಗದ ಸದ್ದು ತಿಂದುಬಿಡ್ತು. ಮೂಲೆಗೆ ಕೂರಿಸ್ತೀರ ಅಂತ ಯಾರಿಗೂ ಹೇಳಲಿಲ್ಲ. ಎಲ್ಲ ಬೆಲ್ಲೂ ನನಗೆ ಎಡಗಡೆಯಿಂದಲೇ ಕೇಳಿಸುತ್ತೆ. ಅವತ್ತೂ ಹಾಗೇ ಕೇಳಿಸ್ತು, ಬಲಕ್ಕೆ ಜಿಗಿದೆ, ಸೀದಾ ಅವಳ ಚಕ್ರಕ್ಕೆ. ಇಷ್ಟು ದಿನ ಸೈಕಲ್ಲಿನೋರೇ ನನ್ನಿಂದ ತಪ್ಪಿಸಿಕೊಂಡು ಹೋಗಿರಬೇಕು. ನಾಳೆ ಇದನ್ನೂ ಹೇಳ್ತೀನಿ. ಸೋಮವಾರ ಅದೇ ದಾರೀಲಿ ನಡೀತೀನಿ. ಬೆಲ್ ಕೇಳಿದರೆ ಜಿಗಿಯಲ್ಲ, ನನ್ನ ಎಡಗಡೆಯಲ್ಲೇ ನಿಲ್ತೀನಿ. ಇನ್ನು ಆ ಹೂಂ. ನನ್ನ ಕೈ ಮುರಿದಿದೆ ಅಂತ ನಿಮ್ಮಣ್ಣ ಫೋನನ್ನ ತಾನೇ ಹಿಡಿದುಕೊಂಡಿದ್ದ, ಬಲಗಿವಿಗೆ. ನೀನು ಹೇಳಿದ್ದು ಒಂದಕ್ಷರವೂ ಕೇಳಿಸಲಿಲ್ಲ ಕಣೇ. ಆ ಕಡೆ ನೀನಿದ್ದೀಯ ಅಂತ ಗೊತ್ತಿತ್ತಲ್ಲ, ಅದಕ್ಕೇ ಹೂಂ ಅಂದೆ.