ಖಾಲಿ ಪೆಟ್ಟಿಗೆಯ ಪ್ರಧಾನಿ

ಮಿನಾಸೆ ಪಟ್ಟಣ, ಜಪಾನ್
ಕ್ರಿ.ಶ. ೨೨೭೧, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿ ಶಾಲ್ಮಲಿಯವರಿಗೆ ಇಸೊಬೆ ಸುಮುಖಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತಲೇ ಹೋದದ್ದರಿಂದ ನಮ್ಮವರು ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಟ್ಟಿದ್ದಾರೆ. ನನ್ನ ಕನ್ನಡ ಮನೆಯೊಳಗೇ ಬೆಳೆದದ್ದು; ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಕಾಗದ ಸೇರುವಾಗ ನೀವು ಈಗಷ್ಟೇ ಈ ದೇಶಕ್ಕೆ ಬಂದಿಳಿದ ಇಪ್ಪತ್ತಾರರ ಹೆಣ್ಣುಮಗಳು. ಎಪ್ಪತ್ತರ ಮುದುಕಿ ನಾನು ನಿಮ್ಮನ್ನು ಅಜ್ಜಿ ಎನ್ನುವುದು ನನಗೇ ವಿಚಿತ್ರವಾಗಿದೆ.

ನಮ್ಮಲ್ಲಿ ವರ್ಷಕ್ಕೊಮ್ಮೆ 'ಬಾಗುವ ದಿನ' ಬರುತ್ತದೆ. ಚೀಟಿ ಎತ್ತಿ ಆರಿಸಿದ ಏಳು ಜನ, ದೇಶವನ್ನಾಳಿದ ಪ್ರಧಾನಿಗಳಲ್ಲಿ ಅತಿ ಕೆಟ್ಟವರು ಯಾರೆಂದು ತೀರ್ಮಾನಿಸುತ್ತಾರೆ. ಆ ವಂಶದ ಹಿರಿಯರು ಚೌಕದಲ್ಲಿ ಸೊಂಟ ಬಗ್ಗಿಸಿ ಕ್ಷಮೆ ಕೇಳಬೇಕು; ನೆರೆದವರೆಲ್ಲ ಮನೆಗೆ ಹೋಗುವವರೆಗೂ ತಲೆ ಎತ್ತುವಂತಿಲ್ಲ. ಅಳತೆ ಸರಳ. ಒಬ್ಬೊಬ್ಬ ಪ್ರಧಾನಿಯ ಕಾಲದಲ್ಲಿ ಜನ ಬರೆದ ದೂರುಗಳನ್ನು ಪೆಟ್ಟಿಗೆಗಳಲ್ಲಿ ಇಟ್ಟಿದ್ದೇವೆ. ಯಾರ ಪೆಟ್ಟಿಗೆ ಹೆಚ್ಚು ತೂಗುತ್ತದೋ ಅವರೇ ಕೆಟ್ಟವರು.

ಈ ವರ್ಷ ಸರದಿ ನಮ್ಮೂರಿನದು; ಆ ಏಳು ಜನರಲ್ಲಿ ನಾನೂ ಒಬ್ಬಳು. ಇನ್ನೂ ಬಾಗದ ವಂಶಗಳಲ್ಲಿ ಅತಿ ಭಾರದ ಪೆಟ್ಟಿಗೆ ಕುರೊನುಮಾ ಎಂಬವರದು. ಅವರ ವಂಶದಲ್ಲಿ ಉಳಿದವರು ನಮ್ಮ ಪಕ್ಕದ ಮನೆಯ ಚಿಯೊಯೆ ಅಜ್ಜಿ ಮಾತ್ರ; ತೊಂಬತ್ತೊಂದು ವರ್ಷ, ಸೊಂಟ ಹಿಡಿದುಕೊಂಡಿದೆ. "ಬಗ್ತೀನಿ ಬಿಡಮ್ಮ, ಮೂಲಂಗಿ ಕೀಳೋಕೂ ಬಗ್ತೀನಲ್ಲ," ಎಂದು ನಗುತ್ತಾರೆ. ನನಗೆ ಅಳು ಬರುತ್ತದೆ.

ಆ ಪೆಟ್ಟಿಗೆಯಲ್ಲಿ ಕನ್ನಡದ ಹದಿನಾರು ದೂರುಗಳು ಸಿಕ್ಕವು. ಎಲ್ಲವೂ ನೀವು ಐವತ್ತು ದಾಟಿದ ಮೇಲೆ ಬರೆಯಲಿರುವವು. 'ಬಸ್‌ಸ್ಟಾಪನ್ನು ಮೀನಿನಂಗಡಿ ಮುಂದೆ ತಂದಿಟ್ಟಿದ್ದೀರಿ, ನಿಮಗೆ ತಲೆ ನೆಟ್ಟಗಿದೆಯೇ?' ಎಂದು ದೇಶದ ಪ್ರಧಾನಿಯನ್ನೇ ಕೇಳಿದ್ದೀರಿ! ಕೆಳಗೆ ಪೂರ್ತಿ ಹೆಸರು, ವಿಳಾಸ, ಮನೆಯ ಗುರುತು ಕೂಡ. ಓದಿ ಬಿದ್ದು ಬಿದ್ದು ನಕ್ಕೆ.

ಆಮೇಲೆ ಕುರೊನುಮಾರ ನಂತರ ಬಂದ ಶಿರಾಗಾಕಿಯವರ ಪೆಟ್ಟಿಗೆ ತೆರೆದೆ. ಐದು ವರ್ಷದ ಆಳ್ವಿಕೆ, ಒಂದೂ ಕಾಗದವಿಲ್ಲ. ಅವರಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ ಎಂದು ನಮ್ಮ ಶಾಲೆಗಳಲ್ಲಿ ಪಾಠವಿದೆ, ಚೌಕದಲ್ಲಿ ಪ್ರತಿಮೆಯಿದೆ. ಆದರೆ ಅಜ್ಜಿ, ಬಸ್‌ಸ್ಟಾಪಿಗೇ ಅಷ್ಟು ಹಾರಾಡಿದ ನೀವು ಐದು ವರ್ಷ ಸುಮ್ಮನಿದ್ದದ್ದು ಹೇಗೆ? ಬಸ್ಸುಗಳು ಅಷ್ಟು ಸರಿಯಾಗಿ ಬಂದವೇ? ಅಥವಾ ವಿಳಾಸ ಬರೆಯಲು ಹೆದರಿದಿರೇ?

ಈ ಅನುಮಾನವನ್ನು ಸಭೆಯಲ್ಲಿ ಹೇಳಿಬಿಟ್ಟೆ. ಮೂವರು ಶಿರಾಗಾಕಿಯವರೇ ಕೆಟ್ಟವರೆಂದು ನನ್ನ ಕಡೆ ಬಂದರು, ಮೂವರು ತೂಕವೇ ತೂಕ ಎಂದರು. ಈಗ ಏಳನೆಯ ಮತ ನನ್ನದು, ನನಗೇ ಏನೂ ತಿಳಿಯುತ್ತಿಲ್ಲ. ಚಿಯೊಯೆ ಅಜ್ಜಿಯ ಮೇಲಿನ ಪ್ರೀತಿಗಾಗಿ ಒಬ್ಬ ಒಳ್ಳೆಯ ಮನುಷ್ಯನಿಗೆ ಮಸಿ ಬಳಿಯುತ್ತಿದ್ದೇನೆಯೇ? ಖಾಲಿ ಪೆಟ್ಟಿಗೆಯನ್ನು ಹೇಗೆ ಓದಬೇಕೆಂದು ನಮಗೆ ಯಾರೂ ಕಲಿಸಲಿಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಆ ಐದು ವರ್ಷಗಳು ಬಂದಾಗ ನೀವು ಸುಖವಾಗಿದ್ದರೆ ಹಾಗೇ ಇದ್ದುಬಿಡಿ. ಭಯವಾದರೆ ದೂರು ಬೇಡ, ಹೆಸರೂ ಬೇಡ. ಶಿರಾಗಾಕಿಯವರ ಹೆಸರಿಗೆ ಬರೀ ಒಂದು ಖಾಲಿ ಲಕೋಟೆ ಹಾಕಿ. ನಾಳೆ ಬೆಳಗ್ಗೆ ಮತ ಹಾಕುವ ಮೊದಲು ಆ ಪೆಟ್ಟಿಗೆಯನ್ನು ಇನ್ನೊಮ್ಮೆ ತೆರೆಯುತ್ತೇನೆ.